ಒತ್ತಕ್ಷರವಿಲ್ಲದ ತೋಳ

ಅನ್ನಪೂರ್ಣಾ ಅಕ್ಕಾರ ಹೆಸರು ಬರೆಯುವುದೆಂದರೆ ಅವರ ಸಾಲೆಯ ಮಕ್ಕಳಿಗೆ ದೊಡ್ಡ ಸಂಕಟ. ಇರುವುದು ನಾಲ್ಕೇ ಅಕ್ಷರ, ಅದರಲ್ಲಿ ಎರಡಕ್ಕೆ ಒತ್ತು. ನಕಾರದ ಕಾಲ ಕೆಳಗೆ ಇನ್ನೊಂದು ನಕಾರ ನೇತಾಡಬೇಕು, ಕೊನೆಯ ಅಕ್ಷರದ ಬಾಜೂಕ್ಕೆ ಆ ಹಾಳಾದ ಅರ್ಕಾವತ್ತು ಬೇರೆ. ಒಂದನೆಯ ಇಯತ್ತೆಯ ಪೋರಿಯರು 'ಅನಪೂರಣಾ' ಎಂದು ಬರೆದು ಪಾಟಿ ಎತ್ತಿ ಹಿಡಿಯುತ್ತಿದ್ದರು. ಸಾಲೆಯ ಟೀಚರಮ್ಮನಿಗೆ ನಮ್ಮ ಕಡೆ ಅಕ್ಕಾರು ಎನ್ನುವುದು ರೂಢಿ. ಈ ಅಕ್ಕಾರು ತಿದ್ದುತ್ತಿರಲಿಲ್ಲ. "ಬರೋಬ್ಬರಿ ಬರದೀದಿ. ತಪ್ಪು ನನ್ನ ಹೆಸರಿಟ್ಟವರದು," ಎಂದು ಪಾಟಿಯ ಮೇಲೆ ದೊಡ್ಡದೊಂದು ಸರಿ ಗುರುತು ಹಾಕಿ ಕಳಿಸುತ್ತಿದ್ದರು.

ವಯಸ್ಸು ನಲವತ್ತಾರು. ಮನೆ ಹುಕ್ಕೇರಿಯಲ್ಲಿ. ಗಂಡ ಗುರುಪಾದನದು ಒಂದು ಪುಟ್ಟ ಪ್ರಿಂಟಿಂಗ್ ಪ್ರೆಸ್ಸು, ಹೆಚ್ಚಿನಂಶ ಮದುವೆಯ ಕಾಗದ ಅಚ್ಚು ಹಾಕುವುದು. ಮಕ್ಕಳಿಲ್ಲ. ಅದರ ಬಗ್ಗೆ ಇಬ್ಬರೂ ಅತ್ತು ಮುಗಿಸಿ ವರ್ಷಗಳಾಗಿದ್ದವು. ಬೆಳಿಗ್ಗೆ ಏಳಕ್ಕೆ ಬುತ್ತಿ ಕಟ್ಟಿಕೊಂಡು ಮನೆ ಬಿಟ್ಟರೆ ಎರಡು ಬಸ್ಸು ಬದಲಿಸಿ, ಅಂಕಲಗಿಯ ಆಚೆ ಇಳಿದು, ಕಬ್ಬಿನ ನಡುವಿನ ಬಂಡಿಹಾದಿಯಲ್ಲಿ ಅರ್ಧ ತಾಸು ನಡೆದರೆ ತೋಟದ ಸಾಲೆ. ಎರಡು ಕೋಣೆ, ಇಬ್ಬರು ಶಿಕ್ಷಕರು, ಇಪ್ಪತ್ತೊಂದು ಮಕ್ಕಳು. ಸಾಲೆಯ ಹಿಂದೆ ಕಬ್ಬು ಮುಗಿದು ಕಲ್ಲುಗುಡ್ಡ ಶುರುವಾಗುತ್ತಿತ್ತು.

ಅಕ್ಕಾರು ಹುಟ್ಟಿ ಬೆಳೆದದ್ದು ಯಮಕನಮರಡಿಯಲ್ಲಿ, ಹೆದ್ದಾರಿಗೆ ಅಂಟಿಕೊಂಡ ಮನೆಯಲ್ಲಿ. ಅಪ್ಪನದು ಪಂಚರ್ ತಿದ್ದುವ ಅಂಗಡಿ. ಬೆಳಿಗ್ಗೆದ್ದು ರಸ್ತೆಯ ಮೇಲೆ ಏನು ಸತ್ತು ಬಿದ್ದಿದೆ ಎಂದು ನೋಡುವುದು ಆ ಮನೆಯ ಮಕ್ಕಳ ಆಟ. ಮುಂಗುಸಿ, ನರಿ, ಪುನುಗುಬೆಕ್ಕು, ಒಮ್ಮೆ ಅಂಗಾತ ಬಿದ್ದ ಒಂದು ಗೂಬೆ. ಅಪ್ಪ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಒಂದೊಂದರ ಹೆಸರು ಹೇಳುತ್ತಿದ್ದ. ಹೀಗೆ ಈ ಹೆಣ್ಣುಮಗಳು ಪ್ರಾಣಿಗಳನ್ನೆಲ್ಲ ಕಲಿತಳು, ಎಲ್ಲವನ್ನೂ ಸತ್ತ ಮೇಲೆಯೇ ಕಲಿತಳು. ಜೀವಂತ ನರಿಯನ್ನು ಕಂಡಾಗ ಆಕೆಗೆ ಇಪ್ಪತ್ತೆಂಟು ವರ್ಷ. ಬಸ್ಸಿನ ಕಿಟಕಿಯಿಂದ ಕಂಡು "ನಿಲ್ಲಸ್ರಿ, ನಿಲ್ಲಸ್ರಿ" ಎಂದು ಕೂಗಿದ್ದಕ್ಕೆ ಕಂಡಕ್ಟರ್ ಯಾರೋ ಇಳಿಯುವವರಿದ್ದಾರೆಂದು ಸೀಟಿ ಊದಿದ್ದನಂತೆ.

ಪುಸ್ತಕ ಬರೆಯುವ ಹುಚ್ಚು ಹತ್ತಿದ್ದು ಹನ್ನೊಂದು ವರ್ಷದ ಹಿಂದೆ. ಓದು ಕಲಿಯುವ ಮಕ್ಕಳಿಗೆಂದು ಬರುವ ಪುಸ್ತಕಗಳಲ್ಲಿ ಸಿಂಹ, ಜಿರಾಫೆ, ಮಂಜಿನ ಕರಡಿ! ತೋಟದ ಮಗುವಿಗೆ ಮಂಜಿನ ಕರಡಿ ಕಟ್ಟಿಕೊಂಡು ಏನಾಗಬೇಕು? ಹಿತ್ತಲಲ್ಲಿ ಮುಂಗುಸಿ ಓಡಾಡುವುದು ಅದರ ಕಣ್ಣಿಗೆ ಬೀಳುತ್ತದೆ, ಪುಸ್ತಕದಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ. ಅಕ್ಕಾರು ತಾವೇ ಬರೆಯಲು ಕುಳಿತರು. ಎಂಟೆಂಟು ಪುಟದ ಸಾಹಸದ ಕಥೆಗಳು. ಗುರುಪಾದ ಮದುವೆ ಕಾಗದದ ಉಳಿಕೆ ಹಾಳೆಗಳ ಮೇಲೆ ಮೂವತ್ತು ಮೂವತ್ತು ಪ್ರತಿ ಅಚ್ಚು ಹಾಕಿ ಕೊಡುತ್ತಿದ್ದ. ಕೆಲವು ಪುಟದ ಬೆನ್ನಿಗೆ ಅರಿಶಿನ ಬಣ್ಣದ ಗಣಪತಿ ಇರುತ್ತಿದ್ದ. ಮಕ್ಕಳು ಅವನನ್ನೂ ಕಥೆಯಲ್ಲಿ ಸೇರಿಸಿಕೊಂಡು ಓದುತ್ತಿದ್ದರು.

ಆದರೆ ಅಕ್ಕಾರದು ಒಂದು ಹಟ. ಮೊದಲ ಸಲ ಓದುವ ಮಗುವಿಗೆ ಒತ್ತಕ್ಷರ ಬರಬಾರದು. ಮಗು ಸರಸರ ಓದುತ್ತ ಬಂದು ಒತ್ತು ಕಂಡ ಕೂಡಲೇ ನಿಂತುಬಿಡುತ್ತದೆ, ಒಮ್ಮೆ ನಿಂತರೆ ಆ ಪುಸ್ತಕ ಮುಗಿದ ಹಾಗೆಯೇ. ಆದ್ದರಿಂದ ಅವರ ಕಥೆಗಳಲ್ಲಿ ಒತ್ತಿಲ್ಲದ ಪ್ರಾಣಿಗಳಿಗಷ್ಟೇ ಪ್ರವೇಶ. ಮೊಲ ಬಂತು, ನರಿ ಬಂತು, ನವಿಲು, ಗೂಬೆ, ಮುಂಗುಸಿ, ಆಮೆ ಎಲ್ಲ ಬಂದವು. ಕತ್ತೆಕಿರುಬ, ಚಿಪ್ಪುಹಂದಿಗಳು ಪಾಪ, ಹೊರಗೇ ನಿಂತವು. ಹಾಂ, ಗುಡ್ಡ ಎಂದು ಬರೆಯುವಂತಿಲ್ಲ, ಹಳ್ಳ ಎನ್ನುವಂತಿಲ್ಲ, ಕಲ್ಲು, ಹಕ್ಕಿ, ಅಮ್ಮ, ಅಪ್ಪ ಯಾವುದೂ ಇಲ್ಲ! ನೀವೇ ಒಂದು ಪುಟ ಬರೆದು ನೋಡಿ, ಬೆವರು ಬರುತ್ತದೆ. ತರಬೇತಿಗೆ ಹೋದಾಗ ಒಬ್ಬ ದೊಡ್ಡ ಮನುಷ್ಯ ಆ ಪುಸ್ತಕ ತಿರುವಿ ಹಾಕಿ, "ಇದರಲ್ಲಿ ಭಾಷೆಯೇ ಇಲ್ಲವಲ್ಲ ಮೇಡಂ," ಎಂದು ನಕ್ಕು ಟೇಬಲ್ಲಿನ ಮೇಲೆ ಎಸೆದಿದ್ದ. ಅಕ್ಕಾರು ಆವತ್ತು ಹುಕ್ಕೇರಿ ಮುಟ್ಟುವವರೆಗೂ ಬಸ್ಸಿನಲ್ಲಿ ಅತ್ತಿದ್ದರು.

ಸಾಹಸವೆಂದರೂ ಅವರ ಕಥೆಯ ಮಗು ಯಾವ ಪ್ರಾಣಿಯನ್ನೂ ಅಟ್ಟಿಸಿಕೊಂಡು ಹೋಗುತ್ತಿರಲಿಲ್ಲ. ಕಾಲ್ಗುರುತು ಹಿಡಿದು ಹೋಗುತ್ತದೆ, ಮುಳ್ಳು ಚುಚ್ಚಿಸಿಕೊಳ್ಳುತ್ತದೆ, ಕೊನೆಗೆ ಪ್ರಾಣಿ ಎದುರು ಬಂದಾಗ ಅಲುಗಾಡದೆ ನೋಡುತ್ತದೆ. ಅಷ್ಟೇ. ಕೊನೆಯ ಪುಟದ ಬುಡದಲ್ಲಿ ಒಂದು ಗೆರೆ ಇರುತ್ತಿತ್ತು, ಮನೆಯಲ್ಲಿ ಓದಿಸಿ ಕೇಳಿದವರ ಸಹಿ ಹಾಕಲು. ಶನಿವಾರ ಮಗು ಪುಸ್ತಕ ಮನೆಗೆ ಒಯ್ದು ದೊಡ್ಡವರೆದುರು ಗಟ್ಟಿಯಾಗಿ ಓದಬೇಕು, ಸೋಮವಾರ ಸಹಿ ಹಾಕಿಸಿ ತರಬೇಕು. ಮಗುವಿನ ಓದಿಗೆ ಮನೆಯಲ್ಲಿ ಮರ್ಯಾದೆ ಹುಟ್ಟುವುದೇ ಹಾಗೆ ಎಂದು ಅಕ್ಕಾರು ನಂಬಿದ್ದರು.

ಇಷ್ಟೆಲ್ಲ ಮಾಡಿದರೂ ನಂದಾ ಎಂಬ ಹುಡುಗಿಗೆ ಓದು ಬರಲಿಲ್ಲ ನೋಡಿ. ಮೂರನೆಯ ಇಯತ್ತೆ, ಎಂಟು ವರ್ಷ, ಕೆಂಚುಗೂದಲಿನ ಎರಡು ಮೋಟು ಜಡೆ. ಅಕ್ಷರ ಒಂದೊಂದಾಗಿ ಹೇಳುತ್ತಾಳೆ, ಕೂಡಿಸಿ ಓದು ಎಂದರೆ ಕಿಟಕಿಯ ಕಡೆ ನೋಡುತ್ತಾಳೆ. ಹಾಗೆಂದು ದಡ್ಡಿಯಲ್ಲ. ಅವಳಪ್ಪ ಬಾಳೇಶನದು ಮೂವತ್ತು ಕುರಿ. ರಜೆ ಇದ್ದಾಗಲೆಲ್ಲ ಕುರಿಯ ಹಿಂದೆ ಗುಡ್ಡ ತಿರುಗಿದ ಹುಡುಗಿ. ಧೂಳಿನಲ್ಲಿ ಮೂಡಿದ ಹೆಜ್ಜೆ ನೋಡಿ, "ಇದು ನರಿದಲ್ರಿ ಅಕ್ಕಾರ, ನಾಯಿದು. ನರಿ ಉಗುರು ಹಿಂಗ ಅಗಲ ಊರಂಗಿಲ್ಲ," ಎನ್ನುತ್ತಿದ್ದಳು. ಸತ್ತ ಪ್ರಾಣಿ ನೋಡಿ ಕಲಿತ ಅಕ್ಕಾರು ಅವಳ ಮುಂದೆ ಬಾಯಿ ಮುಚ್ಚಿಕೊಂಡು ಕೇಳುವವರು.

ಸಂಕ್ರಾಂತಿ ಮುಗಿದ ವಾರ ಬಾಳೇಶ ಸಾಲೆಗೆ ಬಂದ. ಕಂಬಳಿ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತ. ಒಳ್ಳೆಯ ಮನುಷ್ಯ, ಮಗಳ ಮೇಲೆ ಕೈ ಮಾಡಿದವನಲ್ಲ. ಆದರೂ ಹೇಳುವುದನ್ನು ನೇರ ಹೇಳಿದ.

"ಅಕ್ಕಾರ, ಮೂರು ವರ್ಷ ಆತು. ತನ್ನ ಹೆಸರು ಬಿಟ್ಟು ಒಂದಕ್ಷರ ಓದಂಗಿಲ್ಲ ಇಕಿ. ಮನ್ಯಾಗ ದುಡಿಯಾವ ನಾ ಒಬ್ಬಾವ, ತ್ವಾಳ ಬ್ಯಾರೆ ಕಾಡಾಕತ್ತೈತಿ, ಈ ತಿಂಗಳದಾಗ ಎರಡು ಕುರಿ ಹೊತ್ತೊಯ್ತು. ಯುಗಾದಿಮಟ ನೋಡತೇನ್ರಿ. ಓದಾಕ ಬಂದ್ರ ಸಾಲಿ, ಇಲ್ಲಾಂದ್ರ ಕುರಿ."

"ಯುಗಾದಿಯೊಳಗ ಓದಸ್ತೇನಿ," ಎಂದು ಅಕ್ಕಾರು ಅಂದುಬಿಟ್ಟರು. ಅಂದ ಮೇಲೆ ಅವರಿಗೇ ದಿಗಿಲಾಯಿತು. ಯುಗಾದಿಗೆ ಎರಡು ತಿಂಗಳೂ ಇರಲಿಲ್ಲ. ಈ ಹುಡುಗಿ ಈಗ ಸಾಲೆ ಬಿಟ್ಟರೆ ಮತ್ತೆ ಬರುವುದಿಲ್ಲ, ಹಾಗೆ ಹೋದವರನ್ನು ಅವರು ಬೇಕಾದಷ್ಟು ಕಂಡಿದ್ದರು. ಹನ್ನೊಂದು ವರ್ಷ ಬರೆದದ್ದರಿಂದ ಈ ಒಬ್ಬಳು ಓದದಿದ್ದರೆ ಉಳಿದದ್ದೆಲ್ಲ ಯಾತಕ್ಕೆ ಎನ್ನಿಸಿತು.

ಮರುವಾರ ಊಟದ ಬಿಡುವಿನಲ್ಲಿ ನಂದಾ ಅವರ ಸೆರಗು ಜಗ್ಗಿ ಮೂಲೆಗೆ ಕರೆದೊಯ್ದಳು. ಮುಖವೆಲ್ಲ ಕೆಂಪಗಾಗಿತ್ತು.

"ಅಕ್ಕಾರ, ಒಂದು ಹೇಳತೇನಿ. ಯಾರಿಗೂ ಹೇಳಬಾರದು. ಆಣಿ ಮಾಡ್ರಿ."

"ಆಣಿ."

"ಕ್ವಾಣನ ಗವ್ಯಾಗ ತ್ವಾಳ ಮರಿ ಹಾಕೇತ್ರಿ. ಮೂರು ಅದಾವು. ನಾ ನೋಡೀನಿ. ಒಂದರ ಕಿವಿ ಇನ್ನೂ ಜೋತು ಬಿದ್ದೈತಿ."

ಕೋಣನ ಗವಿ ಎಂಬುದು ಗುಡ್ಡದ ಆಚೆ ಮಗ್ಗುಲಿಗೆ ಜಾಲಿ ಬೆಳೆದು ಮುಚ್ಚಿದ ಒಂದು ಪೊಟರೆ. ಹಾವು ಬಹಳ ಎಂದು ದೊಡ್ಡವರು ಹತ್ತಿರ ಸುಳಿಯುತ್ತಿರಲಿಲ್ಲ. ಅಕ್ಕಾರಿಗೆ ತಡೆಯಲಾಗಲಿಲ್ಲ. ಭಾನುವಾರ ಗುರುಪಾದನಿಗೆ ತರಬೇತಿ ಇದೆ ಎಂದು ಸುಳ್ಳು ಹೇಳಿ ಬಂದರು. ನಂದಾಳ ಹಿಂದೆ ಹರೆಯದವರ ಹಾಗೆ ಬಂಡೆ ಹತ್ತಿದರು, ಸೀರೆ ಹರಿದುಕೊಂಡರು. ಎದುರಿನ ದಿಬ್ಬದ ಮೇಲೆ ಇಬ್ಬರೂ ಬೋರಲು ಮಲಗಿ ಕಾದರು. ಬಿಸಿಲು ಇಳಿದ ಮೇಲೆ ತಾಯಿತೋಳ ಹೊರಗೆ ಬಂತು, ಮೈ ಜಾಡಿಸಿತು, ಈ ಕಡೆ ಒಮ್ಮೆ ನೋಡಿ ಹಳ್ಳದ ಗುಂಟ ಹೊರಟುಹೋಯಿತು. ಹಿಂದೆಯೇ ಮೂರು ಮರಿ ಉರುಳಾಡುತ್ತ ಬಂದವು. ಅಕ್ಕಾರು ಅಳುತ್ತಿದ್ದರು. ನಂದಾ ಅವರ ಬಾಯಿಯ ಮೇಲೆ ತನ್ನ ಪುಟ್ಟ ಕೈ ಇಟ್ಟು ಸುಮ್ಮನಿರಲು ಸನ್ನೆ ಮಾಡಿದಳು.

ಬಸ್ಸಿನಲ್ಲಿ ಬರುವಾಗ ಹೊಳೆಯಿತು. ತೋಳ! ಬಾಯಲ್ಲಿ ತ್ವಾಳ ಎಂದರೆ ಒತ್ತು, ಬರೆದರೆ ತೋಳ, ಒತ್ತಿಲ್ಲ. ಮರಿ, ಮೂರು, ತಾಯಿ, ಬೇಟೆ, ಯಾವುದಕ್ಕೂ ಒತ್ತಿಲ್ಲ. ನಂದಾ ಎಂಬ ಹೆಸರಿಗೂ ಇಲ್ಲ. ಈ ಹುಡುಗಿ ತನ್ನದೇ ಸಾಹಸವನ್ನು ಓದದೆ ಇರಲು ಸಾಧ್ಯವೇ? ಮರುದಿನವೇ ಪೆನ್ಸಿಲಿನಲ್ಲಿ ಬರೆದು ತಂದರು.

ಆಣೆ ಮಾಡಿದ್ದು ಅವರಿಗೆ ನೆನಪಿತ್ತು, ಇಲ್ಲವೆಂದು ನಾನು ಹೇಳುವುದಿಲ್ಲ. ಅದಕ್ಕೇ ಜಾಗದ ಹೆಸರು ಬದಲಿಸಿ 'ಬೆಳ್ಳಕ್ಕಿ ಕೊಳ್ಳ' ಎಂದು ಬರೆದಿದ್ದರು. ಚಂದದ ಹೆಸರು, ಆದರೆ ಮೂರು ಒತ್ತು. ಬರೆಯುವ ಉಮೇದಿಯಲ್ಲಿ ತಮ್ಮ ನಿಯಮ ತಾವೇ ಮರೆತಿದ್ದರು. ನಂದಾ ಮೊದಲ ಸಾಲಿಗೇ ನಿಂತಳು, ಕಿಟಕಿ ನೋಡಿದಳು. ಅಕ್ಕಾರು ಅಳಿಸಿ 'ನೀಲಿ ಗವಿ' ಎಂದು ತಿದ್ದಿದರು. ಈ ಸಲ ಹುಡುಗಿ ಬೆರಳಿಟ್ಟು ಕೂಡಿಸಿದಳು, ನೀ, ಲಿ, ಗ, ವಿ. ಜೀವಮಾನದಲ್ಲಿ ಮೊದಲ ಸಲ ಎರಡು ಪದ ಒಟ್ಟಿಗೆ ಓದಿದಳು. ಓದಿ ಮುಖ ಗಂಟಿಕ್ಕಿದಳು.

"ಹಂಗೊಂದು ಗವಿನ ಇಲ್ಲರಿ."

"ಇರಲಿ ಬಿಡು, ಕಥಿ ಅದು."

"ಸುಳ್ಳದು. ನಾ ಒಲ್ಲೆ." ಪುಸ್ತಕ ಸರಿಸಿಬಿಟ್ಟಳು. ಎರಡು ದಿನ ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಮೂರನೆಯ ದಿನ ಅಕ್ಕಾರು ರಬ್ಬರು ತೆಗೆದುಕೊಂಡರು. ಕೋಣನ ಗವಿ. ಬರೆದು ನೋಡಿದರೆ ದೇವರಾಣೆಗೂ ಒಂದು ಒತ್ತಿಲ್ಲ. ಮಗುವಿಗೆಂದೇ ಯಾರೋ ಇಟ್ಟ ಹೆಸರಿನ ಹಾಗಿತ್ತು. ಹೇಗೂ ಓದುವವಳು ಇವಳೊಬ್ಬಳೇ, ಇವಳಿಗೆ ಗೊತ್ತಿರುವುದೇ ತಾನೇ ಎಂದುಕೊಂಡರು. ಗುರುಪಾದ ಮಾತ್ರ ರೂಢಿಯಂತೆ ಮೂವತ್ತು ಪ್ರತಿ ಹಾಕಿದ. "ಒಂದ ಸಾಕು ಅಂದಿದ್ನೆಲ್ಲ," ಎಂದರೆ, "ಒಂದಕ್ಕ ಮಷೀನ್ ಚಾಲೂ ಮಾಡಿದ್ರ ಅದು ನನ್ನ ಬೈತೈತಿ," ಎಂದು ನಕ್ಕ. ಉಳಿದ ಇಪ್ಪತ್ತೊಂಬತ್ತನ್ನು ಅಕ್ಕಾರು ಮನೆಯ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

ಆ ಶುಕ್ರವಾರ ನಂದಾ ಓದಿದಳು. ಇಡೀ ಸಾಲೆ ಬಾಗಿಲಲ್ಲಿ ಮುಕುರಿಕೊಂಡಿತ್ತು, ಉಳಿದ ಮಕ್ಕಳಿಗೆ ಇದು ಬರೀ ಕಥೆ ಎಂದುಕೊಂಡರು ಅಕ್ಕಾರು. ಬೆರಳು ಸಾಲಿನ ಮೇಲೆ ಹರಿಯುತ್ತ ಹೋಯಿತು, ಎಲ್ಲೂ ನಿಲ್ಲಲಿಲ್ಲ.

'ಕೋಣನ ಗವಿ. ಗವಿಯ ಬಾಯಿಗೆ ಜಾಲಿ ಮರ. ಗವಿಯ ಒಳಗೆ ತೋಳ. ತೋಳದ ಮರಿ ಮೂರು. ಬಿಸಿಲು ಇಳಿಯಿತು. ತಾಯಿ ತೋಳ ಬೇಟೆಗೆ ಹೋಯಿತು. ಮರಿ ಹೊರಗೆ ಬಂದವು. ನಂದಾ ನೋಡಿದಳು. ನಂದಾ ಕದಲದೆ ನಿಂತಳು.'

ಮುಗಿಸಿ ತಲೆಯೆತ್ತಿ, "ಇದು ನಾನರಿ!" ಎಂದು ಕೂಗಿದಳು. ಮತ್ತೆ ಮೊದಲಿನಿಂದ ಓದಿದಳು. ಮತ್ತೊಮ್ಮೆ ಓದಿದಳು. ಅಕ್ಕಾರ ಎದೆ ತುಂಬಿ ಬಂತು. ಹನ್ನೊಂದು ವರ್ಷದ ಬಸ್ಸು, ಧೂಳು, ಆ ದೊಡ್ಡ ಮನುಷ್ಯನ ನಗು ಎಲ್ಲ ಆ ಹೊತ್ತಿಗೆ ಸಾರ್ಥಕವಾಯಿತು ಎನ್ನಿಸಿತು.

ಮರುದಿನ ಶನಿವಾರ. ಸಾಲೆ ಬಿಟ್ಟಾಗ ನಂದಾ ಪುಸ್ತಕವನ್ನು ಲಂಗದ ಜೇಬಿಗೆ ತುರುಕಿಕೊಳ್ಳುತ್ತಿದ್ದಳು. "ಅಪ್ಪಗ ಓದಿ ತೋರಸ್ತೇನ್ರಿ. ಸಹಿ ಹಾಕಸ್ಕೊಂಡು ಬರತೇನಿ." ಅಕ್ಕಾರಿಗೆ ಆಣೆ ನೆನಪಾಯಿತು. ಬೇಡ ಎನ್ನಲು ಬಾಯಿ ತೆರೆದರು. ಆದರೆ ಬಾಳೇಶ ಕೇಳಬೇಕಿತ್ತಲ್ಲ! ಅವನು ಕೇಳಲಿ ಎಂದೇ ಇಷ್ಟೆಲ್ಲ ಮಾಡಿದ್ದು. ಬೇರೆ ಪುಸ್ತಕ ಕೊಡೋಣವೆಂದರೆ ಅವಳು ಓದುವುದು ಇದೊಂದನ್ನೇ. ಮಗಳ ಓದು ಕೇಳುವ ಸಂತೋಷದಲ್ಲಿ ಅವನಿಗೆ ಗವಿ ಎಲ್ಲಿ ನೆನಪಿರುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು. "ಹುಷಾರಿಂದ ಓದವ್ವಾ," ಎಂದಷ್ಟೇ ಹೇಳಿದರು. ಹುಡುಗಿ ಅಕ್ಷರ ತಪ್ಪದ ಹಾಗೆ ಓದು ಎಂದು ತಿಳಿದುಕೊಂಡಿತು.

ಸೋಮವಾರ ಬಾಳೇಶ ಸಾಲೆಯ ಕಟ್ಟೆಯ ಮೇಲೆ ಅಕ್ಕಾರಿಗಿಂತ ಮೊದಲೇ ಬಂದು ಕುಳಿತಿದ್ದ. ಜೊತೆಗೆ ಅವನ ತಾಯಿ ರಾಮವ್ವ. ಕೈಯಲ್ಲಿ ಒಂದು ತೆಂಗಿನಕಾಯಿ, ಡಬ್ಬಿ ತುಂಬ ಶೇಂಗಾ ಹೋಳಿಗೆ. ಅಕ್ಕಾರನ್ನು ಕಂಡವನೇ ಎದ್ದು ಕಾಲಿಗೆ ಬೀಳಲು ಬಂದ.

"ಏನ್ ಓದಿದ್ಳರಿ ಅಕ್ಕಾರ! ನಮ್ಮ ಮನಿತನದಾಗ ಯಾರೂ ಹಂಗ ಓದಿಲ್ಲ. ನಮ್ಮವ್ವ ದೃಷ್ಟಿ ತಗದ್ಳು. ನಾ ಮೂರು ಸರತಿ ಓದಿಸಿದೆ."

"ಮೂರು ಸರತಿ?" ಎಂದರು ಅಕ್ಕಾರು.

"ಹೂಂನ್ರಿ. ಮೊದಲನೇ ಸರತಿ ಖುಷಿಗೆ. ಎರಡನೇ ಸರತಿಗೆ ಕ್ವಾಣನ ಗವಿ ಅಂದದ್ದು ತಲಿಗೆ ಹೋತು. ಮೂರನೇ ಸರತಿ ನಿಂದ್ರಸಿ ನಿಂದ್ರಸಿ ಕೇಳಿದೆ. ಎಷ್ಟು ಚಂದ ಬರದೀರಿ! ಬಾಯಿಗೆ ಜಾಲಿ ಐತಿ ಅಂತ, ಮರಿ ಎಷ್ಟು ಅಂತ, ತಾಯಿ ಯಾವ ಹೊತ್ತಿಗೆ ಹೊರಗ ಹೋಗತೈತಿ ಅನ್ನೂದನ್ನೂ ಬರದೀರಿ. ನಿನ್ನೆ ಇಳಿಹೊತ್ತಿಗೆ ನಾವು ಐದು ಮಂದಿ ಹೋದ್ವಿ. ಜಾಲಿ ಕಡದು ಗವಿಗೆ ತುಂಬಿ ಹೊಗಿ ಹಾಕಿ ಕಲ್ಲು ಮುಚ್ಚಿ ಬಂದ್ವಿ. ಮುಂದಿನ ವರ್ಷಕ್ಕ ನಮ್ಮ ಕುರಿ ಬದುಕಿದ್ವು ನೋಡ್ರಿ."

ರಾಮವ್ವ ಸೆರಗಿನ ತುದಿ ಹಿಂಡುತ್ತ, "ಒಳಗ ಮರಿ ಅದಾವು, ಹೊಗಿ ಹಾಕೂದು ಬ್ಯಾಡ ಅಂದೆ. ಕೇಳಲಿಲ್ಲ ಇವರು," ಎಂದಳು. ಮಗ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪುಸ್ತಕ ತೆಗೆದು ಕೊನೆಯ ಪುಟ ತೋರಿಸಿದ. ಗೆರೆಯ ಮೇಲೆ ಕಷ್ಟಪಟ್ಟು ಬರೆದ ಅವನ ಸಹಿ ಇತ್ತು.

ಅಕ್ಕಾರಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನ ಕುರಿ, ಅವನ ಹೊಟ್ಟೆ. ಸಿಟ್ಟು ಬಂದದ್ದು ತಮ್ಮ ಮೇಲೆಯೇ. ಹೋಳಿಗೆಯ ಡಬ್ಬಿ ಕೈಯಲ್ಲಿ ಹಿಡಿದು ಕಂಬಕ್ಕೆ ಒರಗಿದರು. "ನಂದಾ ಎಲ್ಲಿ?" ಎಂದು ಕೇಳಿದರು.

ನಂದಾ ಒಳಗೆ ಕುಳಿತಿದ್ದಳು. ಕಣ್ಣು ಬಾತಿದ್ದವು, ಈಗ ಅಳುತ್ತಿರಲಿಲ್ಲ. ಅಕ್ಕಾರು ಬಂದು ಪಕ್ಕದಲ್ಲಿ ನೆಲದ ಮೇಲೆ ಕುಳಿತಾಗ ಮೆಲ್ಲಗೆ ಹೇಳಿದಳು.

"ನಾ ಯಾರಿಗೂ ಹೇಳಿಲ್ಲರಿ ಅಕ್ಕಾರ. ಅಪ್ಪಗೂ ಹೇಳಿಲ್ಲ. ನಾ ಬರೇ ಓದೀನಿ."

ತಪ್ಪು ನಿನ್ನದಲ್ಲ, ನನ್ನದು, ನಾನು ಆಣೆ ಮುರಿದೆ ಎಂದು ಅಕ್ಕಾರು ಹೇಳಿದರು. ಎರಡು ಸಲ, ಮೂರು ಸಲ ಹೇಳಿದರು. ಹುಡುಗಿ ತಲೆಯಾಡಿಸಿತು, ನಂಬಿದ ಹಾಗೆ ಕಾಣಲಿಲ್ಲ.

ಆಮೇಲೆ ನಂದಾ ಓದಲಿಲ್ಲ. ನರಿಯ ಪುಸ್ತಕ ಕೊಟ್ಟರು, ಆಮೆಯದು ಕೊಟ್ಟರು. ಪುಟ ತೆರೆದ ಕೂಡಲೇ, "ಓದಾಕ ಬರಂಗಿಲ್ರಿ," ಎನ್ನುತ್ತಿದ್ದಳು. ಬರುತ್ತದೆಂದು ಇಡೀ ಸಾಲೆಗೆ ಗೊತ್ತು. ಅವಳ ಕಣ್ಣು ಸಾಲಿನ ಮೇಲೆ ಎಡದಿಂದ ಬಲಕ್ಕೆ ಓಡುವುದನ್ನು ಅಕ್ಕಾರೇ ನೋಡುತ್ತಿದ್ದರು. ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಅರಣ್ಯದವರಿಗೆ ತಿಳಿಸಬೇಕು ಎಂದು ಅಕ್ಕಾರಿಗೆ ಅನ್ನಿಸದೆ ಇರಲಿಲ್ಲ. ತೋಳ ಕೊಂದರೆ ಜೈಲು, ಅದನ್ನು ಮಕ್ಕಳಿಗೆ ಪಾಠ ಹೇಳಿದವರೇ ಅವರು. ಆದರೆ ಹೋಗುವವನು ಬಾಳೇಶ, ಸಾಕ್ಷಿ ಅವನ ಸಹಿ ಇರುವ ಆ ಪುಸ್ತಕ, ಓದಿದವಳು ಮಗಳು. ಎರಡು ದಿನ ಯಮಕನಮರಡಿಯಲ್ಲಿ ಬಸ್ಸು ಬದಲಿಸುವಾಗ ಫೋನು ಕೈಯಲ್ಲಿ ಹಿಡಿದು ನಿಂತರು, ಮತ್ತೆ ಚೀಲಕ್ಕೆ ಹಾಕಿಕೊಂಡರು.

ಇಷ್ಟರಲ್ಲಿ ಇನ್ನೊಂದು ಶುರುವಾಯಿತು. ಹನ್ನೊಂದು ವರ್ಷ ಕೈಯಲ್ಲಿ ಹಿಡಿದು ಕೊಟ್ಟರೂ ಯಾರೂ ಬೇಡವೆನ್ನುತ್ತಿದ್ದ ಪುಸ್ತಕಗಳನ್ನು ಜನ ಕೇಳಿಕೊಂಡು ಬರತೊಡಗಿದರು. ಮೂಡಲಗಿ ಕಡೆಯ ಮಾಲಿಂಗಪ್ಪ ಎಂಬ ಕುರಿಗಾರ ಹುಕ್ಕೇರಿಯ ಸಂತೆಗೆ ಬಂದವನು ಪ್ರೆಸ್ಸು ಹುಡುಕಿಕೊಂಡು ಹೋಗಿ, "ಆ ತ್ವಾಳದ ಪುಸ್ತಕ ಇಲ್ಲೇ ಏನ್ರಿ ಸಿಗೂದು? ನಮ್ಮ ಕಡೀದೂ ಬರದಾರೇನ್ರಿ ಸಾಲಿ ಬಾಯಾರು?" ಎಂದು ಕೇಳಿದನಂತೆ. ಗುರುಪಾದ ಇದನ್ನು ತಮಾಷೆ ಎಂಬಂತೆ ಹೇಳಲು ಹೋಗಿ ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ಅಕ್ಕಾರು ಕಪಾಟು ತೆರೆದು ಇಪ್ಪತ್ತೊಂಬತ್ತು ಪ್ರತಿ ಹೊರಗೆ ತೆಗೆದು, ಹಳೆಯ ನರಿ, ನವಿಲು, ಮುಂಗುಸಿಗಳನ್ನೂ ಅದರ ಮೇಲೆ ಪೇರಿಸಿದರು. ಎಲ್ಲದರಲ್ಲೂ ಎಲ್ಲಿ, ಯಾವ ಹೊತ್ತಿಗೆ, ಎಷ್ಟು ಎಂದು ಬರೆದೇ ಇತ್ತು. ಮಕ್ಕಳು ಹೋಗಿ ನೋಡಲಿ ಎಂದು ಬರೆದದ್ದು.

"ಕಟಿಂಗ್ ಮಷೀನಿಗೆ ಹಾಕ್ರಿ," ಎಂದರು.

"ಎಲ್ಲಾ?" ಎಂದ ಗುರುಪಾದ. "ನಿನ್ನ ಜೀವಮಾನದ್ದು ಇದು, ಅನ್ನಪೂರ್ಣಾ."

"ಎಲ್ಲಾ."

ಅವನು ಹಾಕಿದ. ತುಂಡುಗಳು ನೆಲಕ್ಕೆ ಬೀಳುವಾಗ ಆಕೆ ಪಕ್ಕದಲ್ಲೇ ನಿಂತಿದ್ದಳು. ಆವತ್ತು ಇಬ್ಬರೂ ಊಟ ಮಾಡಲಿಲ್ಲ.

ಯುಗಾದಿ ಬಂತು. ಓದಿದವಳು ಮತ್ತೆ ಓದುತ್ತಿಲ್ಲ ಎಂದು ಬಾಳೇಶನಿಗೆ ಗೊತ್ತಾಗಿತ್ತು. "ನಾಟಕ ಮಾಡಾಕತ್ತಾಳ," ಎಂದು ಹಬ್ಬಕ್ಕೆ ಮೊದಲು ಎರಡು ವಾರ ಕಾದಿದ್ದ, ಗದರಿಸಿದ್ದ, ರಮಿಸಿದ್ದ. ನಿಜ ಹೇಳಬೇಕೆಂದರೆ ಅವನು ಕಳಿಸಿದ್ದಲ್ಲ. ಹಬ್ಬದ ಮರುದಿನ ಅವಳೇ ಕೋಲು ತೆಗೆದುಕೊಂಡು ಕುರಿಯ ಹಿಂದೆ ಹೊರಟಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಬೀಳುತ್ತ ಹೋಯಿತು.

ಸಾಲೆಗೆ ಸೂಟಿ ಬೀಳುವ ಹಿಂದಿನ ದಿನ ಅಕ್ಕಾರು ಅವಳನ್ನು ಹುಡುಕಿಕೊಂಡು ಹೋದರು. ಮಧ್ಯಾಹ್ನ ಸರಿದಿತ್ತು. ಗುಡ್ಡದ ಬುಡದ ಬೇವಿನ ನೆರಳಲ್ಲಿ ನಂದಾ ಕುಳಿತಿದ್ದಳು, ಕುರಿಗಳು ತಲೆ ತಗ್ಗಿಸಿ ಒಂದಕ್ಕೊಂದು ಅಂಟಿ ನಿಂತಿದ್ದವು. ಅಕ್ಕಾರನ್ನು ಕಂಡು ಸರಿದು ಜಾಗ ಮಾಡಿದಳು.

"ಸಾಲಿಗೆ ಬಾ ನಂದಾ. ಸೂಟಿ ಮುಗದ ಮ್ಯಾಲೆ ಬಾ."

"ಒಲ್ಲೆರಿ."

"ಓದೂದು ಬ್ಯಾಡ. ಬರೇ ಕುಂಡ್ರು. ಚಿತ್ರ ತಗಿ."

"ಕುಂತ್ರ ಓದೂದು ಆಗತೈತ್ರಿ. ಈಗ ಎಲ್ಲಿ ನೋಡಿದ್ರೂ ಓದೂದು ಆಗಿಬಿಡತೈತಿ. ಬಸ್ಸಿನ ಬೋರ್ಡ ಸೈತ. ಬ್ಯಾಡಂದ್ರೂ ಆಗತೈತಿ." ಹೇಳುತ್ತ ಅವಳ ಕಣ್ಣು ತುಂಬಿದವು, ಅಂಗೈಯಿಂದ ಒರೆಸಿಕೊಂಡಳು. "ಹೆಂಗ ಮರೀಬೇಕ್ರಿ ಅಕ್ಕಾರ, ಇದನ್ನ?"

ಇಪ್ಪತ್ತು ವರ್ಷ ಅಕ್ಷರ ಕಲಿಸಿದ ಹೆಣ್ಣುಮಗಳಿಗೆ ಅದೊಂದನ್ನು ಹೇಳಿಕೊಡಲು ಬರುತ್ತಿರಲಿಲ್ಲ. ಹುಡುಗಿಯ ಧೂಳು ಹತ್ತಿದ ಜಡೆ ಬಿಚ್ಚಿ ಮತ್ತೆ ಹೆಣೆದರು. ಆಮೇಲೆ ನಂದಾ ತಾನಾಗಿಯೇ ಹೇಳಿದಳು.

"ತಾಯಿ ಇನ್ನೂ ಐತ್ರಿ ಅಕ್ಕಾರ. ಹೋಗಿಲ್ಲ. ಮೊನ್ನೆ ನೋಡಿದೆ. ಭಾಳ ಸಣ್ಣಾಗೇತಿ."

"ಖರೇನ?" ಅಕ್ಕಾರಿಗೆ ಜೀವ ಬಂದಂತಾಯಿತು. "ಎಲ್ಲಿ ನೋಡಿದಿ?"

ನಂದಾ ಅವರ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಮುನಿಸಿರಲಿಲ್ಲ.

"ನಿಮಗ ಹೇಳಂಗಿಲ್ರಿ," ಎಂದಳು.

ಅಕ್ಕಾರು ಹೂಂ ಎಂದರು. ಬಸ್ಸಿನ ಹೊತ್ತಾಗಿತ್ತು, ಚೀಲ ಎತ್ತಿಕೊಂಡು ಎದ್ದರು. ಹಿಂದೆ ತಿರುಗಿ ನೋಡಿದಾಗಲೆಲ್ಲ ನಂದಾ ಕುರಿಗಳ ನಡುವೆ ಕೋಲು ಹಿಡಿದು ಇವರತ್ತಲೇ ನೋಡುತ್ತಿದ್ದಳು. ಅವರು ರಸ್ತೆ ಮುಟ್ಟಿ ಕಣ್ಮರೆಯಾಗುವವರೆಗೂ ಅವಳು ಕುರಿಗಳನ್ನು ಯಾವ ಕಡೆಗೂ ಹೊಡೆಯಲಿಲ್ಲ.